ಒಂದು ಲೋಟ ಚಹದ ಋಣ

ಬೆಳಗಾದೊಡನೆ ನಮ್ಮ ಮನೆಗಳಲ್ಲಿ ದೇವರ ದೀಪಕ್ಕಿಂತ ಮುಂಚಿತವಾಗಿ ಚಹದ ಒಲೆಯು ಉರಿಯುವುದಷ್ಟೆ. ಅಮರಕೋಶವನ್ನೆಲ್ಲ ಹುಡುಕಿದರೂ ಈ ಪಾನೀಯಕ್ಕೆ ಹೆಸರು ದೊರೆಯದು; ಆದರೂ ಇದಿಲ್ಲದೆ ನಮಗೆ ದಿನವು ಮೊದಲಾಗದು. ಇದರ ಪೂರ್ವೋತ್ತರವನ್ನು ಅರಿಯಬೇಕೆಂಬ ಕುತೂಹಲದಿಂದ, ಈಚೆಗೆ ಶ್ರೀಲಂಕೆಗೆ ಹೋಗಿದ್ದಾಗ, ಕ್ಯಾಂಡಿ ಪಟ್ಟಣದ ಬಳಿ ಹಂತಾನೆಯ ಬೆಟ್ಟದ ಮೇಲಿರುವ ಚಹದ ವಸ್ತುಸಂಗ್ರಹಾಲಯವನ್ನು ನೋಡಿಬಂದೆನು.

ಅದು 1925ರಲ್ಲಿ ಕಟ್ಟಿದ ನಾಲ್ಕಂತಸ್ತಿನ ಕಾರ್ಖಾನೆ. ಕೆಲಸವು ನಿಂತು ಪಾಳುಬಿದ್ದಿದ್ದ ಅದನ್ನು ಜೀರ್ಣೋದ್ಧಾರಮಾಡಿ 2001ರಲ್ಲಿ ಸಂಗ್ರಹಾಲಯವಾಗಿ ತೆರೆದರು. ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಹರವಿ ಕೆಂಪಡರಿಸಿ, ಬಿಸಿಗಾಳಿಯಲ್ಲಿ ಒಣಗಿಸಿ, ಜರಡಿಹಿಡಿಯುವ ಹಳೆಯ ಯಂತ್ರಗಳನ್ನು ಅಲ್ಲಿ ಕಾಣಬಹುದು. ಒಂದು ಕಿಲೋ ಚಹಪುಡಿಗೆ ನಾಲ್ಕು ಕಿಲೋಗೂ ಮಿಕ್ಕಿ ಹಸಿಯೆಲೆಯು ಬೇಕು. ಸ್ಕಾಟ್ಲೆಂಡಿನ ಜೇಮ್ಸ್ ಟೇಲರನು 1867ರಲ್ಲಿ ಲೂಲಕಂದುರ ತೋಟದ 19 ಎಕರೆಯಲ್ಲಿ ಚಹದ ಗಿಡಗಳನ್ನು ನೆಡಿಸಿದನು. 1869ರಲ್ಲಿ ಕಾಣಿಸಿಕೊಂಡ ಎಲೆಯ ತುಕ್ಕುರೋಗದಿಂದ ಕಾಫಿಯು ಕ್ರಮೇಣ ನಾಶವಾಗಲು, ಆ ಬೆಟ್ಟಸೀಮೆಯೆಲ್ಲವೂ ಚಹದ ತೋಟವಾಯಿತು. ಟೇಲರನು ಬಳಸಿದ ವಸ್ತುಗಳನ್ನೂ ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಆದರೆ ಎರಡೆಲೆ, ಒಂದು ಕುಡಿ ಎಂದು ಆರಿಸಿ ಚಿವುಟುವ ಕೆಲಸವು ಕೈಯದು. ಆ ಕೈಗಳು ತಮಿಳುನಾಡಿನಿಂದ ಕಡಲನ್ನು ದಾಟಿ, ಕಾಡುಹಾದಿಯಲ್ಲಿ ನಡೆದುಬಂದ ಕೂಲಿಜನರವು. ಮೇಲಂತಸ್ತಿನಲ್ಲಿ ಚಹದ ಬಟ್ಟಲನ್ನು ಹಿಡಿದು ಕುಳಿತಾಗ ನನಗೆ ಒಂದು ಹಳೆಯ ತಪ್ಪು ನೆನಪಾಯಿತು.

ಸುಳ್ಯದ ಕಡೆ ನಾನು ಉಪಾಧ್ಯಾಯನಾಗಿದ್ದಾಗ, ತರಗತಿಯಲ್ಲಿ ಒಬ್ಬ ಹುಡುಗನನ್ನು "ನಿಮ್ಮ ಮೂಲ ಊರು ಯಾವುದು?" ಎಂದು ಕೇಳಿದೆನು. ಅವನು ಸುಮ್ಮನಿದ್ದನು. ಉದ್ಧಟತನವೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದೆನು. ಮರುದಿನ ಅವನ ಅಜ್ಜಿಯು ಬಂದು, "ಅಲ್ಲಿ ನಮ್ಮನ್ನು ಇಂಡಿಯಾದವರೆಂದು ಕಳುಹಿಸಿದರು, ಇಲ್ಲಿ ಸಿಲೋನಿನವರೆಂದು ಕರೆಯುತ್ತಾರೆ. ಮಗು ಏನೆಂದು ಹೇಳಲಿ, ಮಾಷ್ಟ್ರೇ?" ಎಂದಳು.

1948ರ ಪೌರತ್ವದ ಕಾಯಿದೆಯಿಂದ ಆ ತೋಟದ ಜನರಲ್ಲಿ ಬಹುಮಂದಿ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಅವರೂ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಲಂಕೆಯೂ ಸ್ವೀಕರಿಸಬೇಕೆಂದಾಯಿತು. ಹೀಗೆ ಮರಳಿದವರಲ್ಲಿ ಕೆಲವು ಸಂಸಾರಗಳಿಗೆ ನಮ್ಮ ಸುಳ್ಯ, ಪುತ್ತೂರು ಸೀಮೆಯ ಸರಕಾರಿ ರಬ್ಬರು ತೋಟಗಳಲ್ಲಿ ಕೆಲಸವು ದೊರೆಯಿತು. ಅಲ್ಲಿಯೇ ಉಳಿದು ಪೌರತ್ವವಿಲ್ಲದೆ ಇದ್ದವರಿಗೆ ಅದನ್ನು ಕೊಡುವ ಕಾಯಿದೆಯು 2003ರಲ್ಲಿ ಬಂದಿತು.

ಇದೆಲ್ಲವನ್ನೂ ನಾನು ಓದಿ ತಿಳಿದದ್ದು ಆ ಹುಡುಗನು ಶಾಲೆಯನ್ನು ಬಿಟ್ಟುಹೋದ ಬಳಿಕ. ಅಜ್ಜಿಗೆ ಅಂದು ಉತ್ತರಕೊಡದೆ ತಲೆತಗ್ಗಿಸಿದ್ದೆನು. ಹುಡುಗನಲ್ಲಿ ತಪ್ಪೊಪ್ಪಿಕೊಳ್ಳುವ ಬುದ್ಧಿಯು ಆಗ ಬರಲಿಲ್ಲ.

ವಾಚಕರೇ, ಚಹವನ್ನು ಬಿಡಿರೆಂದು ನಾನು ಹೇಳುವವನಲ್ಲ. ಮಕ್ಕಳು ಲೋಟವನ್ನು ಅರ್ಧಕ್ಕೆ ಬಿಟ್ಟು ಏಳುವಾಗ ಒಮ್ಮೆ ಕೂರಿಸಿಕೊಂಡು ಈ ಅಜ್ಜಿಯ ಮಾತನ್ನು ತಿಳಿಸಿರಿ. ಅಷ್ಟಾದರೆ ಈ ಮುದುಕನ ಮನಸ್ಸಿಗೆ ಕೊಂಚ ಸಮಾಧಾನವಾದೀತು.