ಮಗು ಗೊರಕೆ ಹೊಡೆಯುತ್ತಾ? ಹಲ್ಲಿನ ಡಾಕ್ಟರೂ ಕೇಳಬೇಕಾದ ಪ್ರಶ್ನೆ

ಮಗು ಗೊರಕೆ ಹೊಡೆದರೆ ನಾವು ನಗ್ತೀವಿ. ‘ಥೇಟ್ ಅವರಜ್ಜನ ಹಾಗೇ’ ಅಂತೀವಿ. ಆದರೆ ವಾರಕ್ಕೆ ಮೂರು ರಾತ್ರಿಯಾದರೂ ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿಬೀಳೋದು ಇದ್ದರೆ ಅದು ಗಾಢ ನಿದ್ದೆಯಲ್ಲ, ಸ್ಲೀಪ್ ಅಪ್ನಿಯಾ ಇರಬಹುದು. ನೂರಕ್ಕೆ ಸುಮಾರು 1ರಿಂದ 5 ಮಕ್ಕಳಲ್ಲಿ ಈ ತೊಂದರೆ ಇರುತ್ತದೆ. ಟಾನ್ಸಿಲ್, ಅಡಿನಾಯ್ಡ್ ದಪ್ಪಗಾಗಿ ಉಸಿರಿನ ದಾರಿ ಕಿರಿದಾಗುವುದು ಮುಖ್ಯ ಕಾರಣ.

ನಿದ್ದೆಗೆಟ್ಟ ದೊಡ್ಡವರು ಹಗಲು ತೂಕಡಿಸುತ್ತಾರೆ. ಮಕ್ಕಳು ಹೆಚ್ಚಾಗಿ ಚಡಪಡಿಸುತ್ತಾರೆ, ಸಿಡುಕುತ್ತಾರೆ, ಪಾಠದ ಮೇಲೆ ಗಮನ ನಿಲ್ಲುವುದಿಲ್ಲ. ಶಾಲೆಯಲ್ಲಿ ‘ತುಂಟ’, ‘ದಡ್ಡ’ ಅನ್ನೋ ಹಣೆಪಟ್ಟಿ ಬೀಳುತ್ತದೆ. ರಾತ್ರಿಯ ಬಗ್ಗೆ ಯಾರೂ ಕೇಳುವುದಿಲ್ಲ.

ಕೇಳಬಹುದಾದ ಒಬ್ಬರಿದ್ದಾರೆ: ಹಲ್ಲಿನ ಡಾಕ್ಟರು. ಹುಳುಕು ಹಲ್ಲಿಗೆಂದು ಹೋದ ಮಗುವಿನ ಬಾಯೊಳಗೆ ಲೈಟ್ ಬಿಟ್ಟು ನೋಡುವಾಗಲೇ ಕಿರಿದಾಗಿ ಮೇಲೆದ್ದ ಅಂಗುಳ, ಹಿಂದೆ ಸರಿದ ಕೆಳದವಡೆ, ದಪ್ಪ ಟಾನ್ಸಿಲ್, ಬಾಯಲ್ಲೇ ಉಸಿರಾಡಿ ಒಣಗಿದ ತುಟಿ ಅವರ ಕಣ್ಣಿಗೆ ಬೀಳುತ್ತವೆ. ಇಂಥ ಲಕ್ಷಣ ಗುರುತಿಸಿ ವೈದ್ಯರ ಬಳಿ ಕಳಿಸಿ ಎಂದು ಅಮೆರಿಕದ ದಂತವೈದ್ಯರ ಸಂಘ 2017ರಲ್ಲೇ ಹೇಳಿದೆ.

ಗುರುತಿಸಿ ಕಳಿಸುವುದು ಅವರ ಕೆಲಸ, ರೋಗ ಖಚಿತಪಡಿಸುವುದಲ್ಲ. ಅದಕ್ಕೆ ಸ್ಲೀಪ್ ಲ್ಯಾಬಿನಲ್ಲಿ ಒಂದು ರಾತ್ರಿಯ ಪರೀಕ್ಷೆ ಇದೆ. ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿರುವ ಮಕ್ಕಳಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಅವನ್ನು ತೆಗೆಯುವುದು. ಅಂಗುಳ ಅಗಲಿಸುವ ಸಾಧನ ನೆರವಾಗುವುದು ಅಂಗುಳ ನಿಜಕ್ಕೂ ಕಿರಿದಾಗಿರುವ ಮಕ್ಕಳಿಗೆ. ಪರೀಕ್ಷೆಯೇ ಇಲ್ಲದೆ ‘ಇದನ್ನ ಹಾಕಿಸಿ, ಗೊರಕೆ ಹೋಗುತ್ತೆ’ ಎಂದರೆ ಅದು ವ್ಯಾಪಾರ.

ನನ್ನ ತಕರಾರು ಇರುವುದು ವ್ಯವಸ್ಥೆಯ ಬಗ್ಗೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಕಾರ್ಯಕ್ರಮದ ಮೂಲ 30 ಸಮಸ್ಯೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯಿದೆ, ಗಮನ ನಿಲ್ಲದ ಎಡಿಎಚ್‌ಡಿಯೂ ಇದೆ. ಈ ಎರಡರ ನಡುವೆ ಕೊಂಡಿಯಾಗಬಲ್ಲ ಸ್ಲೀಪ್ ಅಪ್ನಿಯಾ ಇಲ್ಲ.

ಸ್ಲೀಪ್ ಲ್ಯಾಬ್ ಪ್ರತಿ ತಾಲ್ಲೂಕಿಗೂ ಬರಲಿ ಎಂದು ನಾನು ಕೇಳುತ್ತಿಲ್ಲ. ತಪಾಸಣೆ ಫಾರಂನಲ್ಲಿ ‘ಮಗು ಗೊರಕೆ ಹೊಡೆಯುತ್ತಾ?’ ಅನ್ನೋ ಒಂದು ಸಾಲು, ‘ಹೌದು’ ಎಂದರೆ ಇಎನ್‌ಟಿ ಡಾಕ್ಟರಿಗೊಂದು ಚೀಟಿ, ಇಷ್ಟು ಸಾಕು ಶುರು ಮಾಡೋಕೆ.

ಅಲ್ಲಿಯವರೆಗೆ ಅಪ್ಪ ಅಮ್ಮ ಒಂದು ಕೆಲಸ ಮಾಡಬಹುದು. ಮಗು ಮಲಗಿದಾಗ ಎರಡು ನಿಮಿಷ ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮುಂದಿನ ಸಲ ಹಲ್ಲು ತೋರಿಸಲು ಹೋದಾಗ ಅದನ್ನೂ ತೋರಿಸಿ.