ಹಾರಿಸಿದರೆ ಸಾಲದು, ನಡೆಸಲೂ ಬೇಕು

ರಾಕೆಟ್ಟೊಂದು ಉಪಗ್ರಹವನ್ನು ಹೊತ್ತು ಮೇಲೇರುವುದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಎಣಿಕೆ ಮುಗಿಯುತ್ತದೆ, ಬೆಂಕಿ ಚಿಮ್ಮುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅದೇ ಚಿತ್ರ. ಆಮೇಲೆ? ಆ ಉಪಗ್ರಹ ಏನು ಮಾಡುತ್ತಿದೆ, ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ನಾವು ಕೇಳುವುದೇ ಅಪರೂಪ. ಉಡಾವಣೆಗೆ ಸಲ್ಲುವ ಗೌರವ, ಅನಂತರ ವರ್ಷಗಟ್ಟಲೆ ಉಪಗ್ರಹವನ್ನು ನಡೆಸುವವರಿಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು 'ಕ್ಲಸ್ಟರ್' ಎಂಬ ಉಪಗ್ರಹಗಳ ಕಥೆಯನ್ನು ನೋಡೋಣ.

ಭೂಮಿಯು ದೊಡ್ಡದೊಂದು ಅಯಸ್ಕಾಂತದಂತೆ ವರ್ತಿಸುತ್ತದೆ ಎಂದು ನಿಮಗೆ ಗೊತ್ತು. ದಿಕ್ಸೂಚಿಯ ಮುಳ್ಳು ಉತ್ತರ-ದಕ್ಷಿಣವಾಗಿ ನಿಲ್ಲುವುದು ಇದರಿಂದಲೇ. ಈ ಕಾಂತಕ್ಷೇತ್ರ ನೆಲದ ಮೇಲೆ ಮಾತ್ರವಲ್ಲ, ಬಾಹ್ಯಾಕಾಶದಲ್ಲಿ ಸಾವಿರಾರು ಕಿ.ಮೀ. ದೂರದವರೆಗೂ ಹರಡಿದೆ. ಸೂರ್ಯನಿಂದ ವಿದ್ಯುದಾವೇಶವುಳ್ಳ ಕಣಗಳು ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸದಾ ಹೊರಬರುತ್ತಿರುತ್ತವೆ. ಇದೇ ಸೌರಮಾರುತ. ನಮ್ಮ ಕಾಂತಕ್ಷೇತ್ರವು ಅದರ ಬಹುಪಾಲನ್ನು ಪಕ್ಕಕ್ಕೆ ಸರಿಸಿ ಕೊಡೆಯಂತೆ ಕಾಯುತ್ತದೆ. ಆದರೆ ಕೆಲವೊಮ್ಮೆ ಸೂರ್ಯನ ಆರ್ಭಟ ಹೆಚ್ಚಾಗಿ ಕಾಂತಕ್ಷೇತ್ರವೇ ಅಲುಗಾಡುತ್ತದೆ. 1989ರ ಮಾರ್ಚ್ 13ರಂದು ಇಂಥ ಕಾಂತ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು 60 ಲಕ್ಷ ಜನರಿಗೆ ಗಂಟೆಗಟ್ಟಲೆ ವಿದ್ಯುತ್ ಇಲ್ಲವಾಯಿತು. ಆದ್ದರಿಂದ ಈ ಕೊಡೆಯನ್ನು ಅರಿಯುವುದು ಬರೀ ಕುತೂಹಲದ ಮಾತಲ್ಲ.

ಅರಿಯುವುದು ಹೇಗೆ? ನೀವು ಒಂದೆಡೆ ನಿಂತಿದ್ದೀರಿ, ಸುರಿಯುತ್ತಿದ್ದ ಮಳೆ ನಿಂತಿತು ಎನ್ನಿ. ಮಳೆಯೇ ನಿಂತಿತೋ ಅಥವಾ ಮೋಡ ಪಕ್ಕದ ಊರಿಗೆ ಸರಿಯಿತೋ ನಿಮಗೆ ತಿಳಿಯದು. ನಾಲ್ಕು ಕಡೆ ನಾಲ್ವರು ನಿಂತು ಹೊತ್ತು ಬರೆದುಕೊಂಡರೆ ತಿಳಿಯುತ್ತದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇದಕ್ಕಾಗಿಯೇ ಒಂದೇ ಬಗೆಯ ನಾಲ್ಕು ಉಪಗ್ರಹಗಳನ್ನು ಒಟ್ಟಿಗೆ ಹಾರಿಸಲು ಯೋಜಿಸಿತು. 1996ರ ಜೂನ್ 4ರಂದು ಅವುಗಳನ್ನು ಹೊತ್ತ ರಾಕೆಟ್ ಮೇಲೇರಿದ ಒಂದು ನಿಮಿಷದೊಳಗೆ ಸಿಡಿದುಹೋಯಿತು. ನಾಲ್ಕೂ ನಾಶವಾದವು. ವಿಜ್ಞಾನಿಗಳು ಮತ್ತೆ ಕಟ್ಟಿದರು. 2000ದ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಎರಡೆರಡಾಗಿ ಅವು ಕಕ್ಷೆ ಸೇರಿದವು. ನೃತ್ಯಗಳ ಹೆಸರನ್ನೇ ಅವಕ್ಕೆ ಇಟ್ಟರು: ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೋ.

ಮೊದಲು ಗೊತ್ತುಮಾಡಿದ್ದ ಅವಧಿ ಎರಡೇ ವರ್ಷ. ಅವು ಕೆಲಸ ಮಾಡಿದ್ದು 24 ವರ್ಷ! ಇದು ತಾನಾಗಿ ಆದದ್ದಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ನಿಯಂತ್ರಣ ಕೇಂದ್ರದವರು ಪಟ್ಟ ಶ್ರಮ ಇದರ ಹಿಂದಿದೆ. ಒಂದು ಉದಾಹರಣೆ ನೋಡಿ. ದಿಕ್ಸೂಚಿಯ ಬಳಿ ಕಬ್ಬಿಣ ತಂದರೆ ಮುಳ್ಳು ದಾರಿ ತಪ್ಪುತ್ತದೆ, ಅಲ್ಲವೇ? ಹಾಗೆಯೇ ಕಾಂತಕ್ಷೇತ್ರ ಅಳೆಯುವ ಉಪಗ್ರಹದೊಳಗೆ ಕಾಂತಗುಣದ ವಸ್ತು ಇರಬಾರದು. ಅದಕ್ಕಾಗಿ ಬೆಳ್ಳಿ-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಆರಿಸಿದರು. ಅವುಗಳ ಆಯಸ್ಸು ಕಡಿಮೆ. ಒಂದೊಂದಾಗಿ ಕೆಟ್ಟವು. ಭೂಮಿಯ ನೆರಳಿಗೆ ಬಂದಾಗ ಸೌರಫಲಕಕ್ಕೆ ಬಿಸಿಲಿಲ್ಲ, ಬ್ಯಾಟರಿಯೂ ಇಲ್ಲ. ಆಗ ನಿಯಂತ್ರಕರು ಕಂಡುಕೊಂಡ ಉಪಾಯವೆಂದರೆ, ನೆರಳಿಗೆ ಮುನ್ನ ಉಪಗ್ರಹವನ್ನು ಮಲಗಿಸುವುದು, ಬಿಸಿಲಿಗೆ ಬಂದ ಮೇಲೆ ನೆಲದಿಂದ ಸಂದೇಶ ಕಳುಹಿಸಿ ಮತ್ತೆ ಎಬ್ಬಿಸುವುದು.

2011ರ ಮಾರ್ಚ್ ತಿಂಗಳಲ್ಲಿ ಸಾಂಬಾದ ಐದು ಉಪಕರಣಗಳ ಒಂದು ಗುಂಪು ಉತ್ತರ ಕೊಡುವುದನ್ನೇ ನಿಲ್ಲಿಸಿತು. ಅವುಗಳ ಸ್ವಿಚ್ಚುಗಳು ಸಿಕ್ಕಿಕೊಂಡಿದ್ದವು. ರಿಪೇರಿಗೆ ಯಾರೂ ಅಲ್ಲಿಗೆ ಹೋಗುವಂತಿಲ್ಲ. ತಜ್ಞರು ತಲೆ ಕೆಡಿಸಿಕೊಂಡು ಯೋಚಿಸಿ, ಜೂನ್ ತಿಂಗಳಲ್ಲಿ ಬರೀ ಸಂದೇಶಗಳಿಂದಲೇ ಅವನ್ನು ಸರಿಪಡಿಸಿದರು.

"ಹಳೆಯದಕ್ಕೆ ಇಷ್ಟು ಹಣ, ಶ್ರಮ ಏಕೆ? ಹೊಸದನ್ನೇ ಹಾರಿಸಬಾರದೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಎರಡು ವರ್ಷ ಮಾತ್ರ ಅಳೆದಿದ್ದರೆ ಆ ಏರಿಳಿತದ ಒಂದು ತುಣುಕು ಸಿಗುತ್ತಿತ್ತು, ಅಷ್ಟೆ. ಕ್ಲಸ್ಟರ್ ಇಂಥ ಎರಡು ಸುತ್ತುಗಳಷ್ಟು ಕಾಲ ನೋಡಿತು. ನಿನ್ನೆಯ ಮಳೆಯನ್ನು ಇವತ್ತು ಅಳೆಯಲು ಸಾಧ್ಯವೇ? ಹೊಸ ಉಪಗ್ರಹ ಎಷ್ಟೇ ಉತ್ತಮವಾಗಿದ್ದರೂ ಕಳೆದುಹೋದ ವರ್ಷಗಳ ಅಳತೆಯನ್ನು ಅದು ತಂದುಕೊಡಲಾರದು.

ಹಾಗೆಂದು ಉಪಗ್ರಹವನ್ನು ಕೊನೆಯಿಲ್ಲದೆ ನಡೆಸಬೇಕೆಂದಲ್ಲ. ಸರಿಯಾಗಿ ಮುಗಿಸುವುದೂ ನಡೆಸುವವರದೇ ಹೊಣೆ. ಇಂಧನ ಇರುವಾಗಲೇ ಸಾಲ್ಸಾದ ದಾರಿಯನ್ನು ತಿದ್ದಿದರು. 2024ರ ಸೆಪ್ಟೆಂಬರ್ 8ರಂದು ಅದು ಜನವಸತಿಯಿಂದ ದೂರದ ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ವಾತಾವರಣವನ್ನು ಹೊಕ್ಕು ಉರಿದುಹೋಯಿತು. ಬಾಹ್ಯಾಕಾಶದಲ್ಲಿ ಕಸ ಬಿಡಬಾರದೆಂಬ ಈ ಎಚ್ಚರ ಎಲ್ಲ ದೇಶಗಳಿಗೂ ಬೇಕು.

ಈ ಮಾತು ನಮಗೂ ಅನ್ವಯಿಸುತ್ತದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ನಮ್ಮ ಆದಿತ್ಯ-ಎಲ್1 ನೌಕೆ, ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದ ತಾಣವನ್ನು 2024ರ ಜನವರಿ 6ರಂದು ತಲುಪಿತು. ಸೂರ್ಯನನ್ನು ನೋಡುವ ದೂರದರ್ಶಕಗಳ ಜೊತೆಗೆ ಕಾಂತಕ್ಷೇತ್ರ ಅಳೆಯುವ ಉಪಕರಣವೂ ಅದರಲ್ಲಿದೆ. ಅದಕ್ಕೆ ಸಂದೇಶ ಹೋಗುವುದು ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರದಿಂದ. ಅದು ಹೊರಟ ದಿನ ಚಪ್ಪಾಳೆ ತಟ್ಟಿದ ನಾವು, ಅದನ್ನು ದಿನವೂ ಕಾಯುವವರನ್ನೂ ನೆನೆಯಬೇಕು.

ಮುಂದಿನ ಬಾರಿ ಉಡಾವಣೆಯ ಸುದ್ದಿ ಬಂದಾಗ ನಿಮ್ಮ ಶಿಕ್ಷಕರನ್ನು ಹೀಗೆ ಕೇಳಿ: ಇದು ಎಷ್ಟು ವರ್ಷ ಕೆಲಸ ಮಾಡಬೇಕು? ಕೆಟ್ಟರೆ ಯಾರು ಸರಿಪಡಿಸುತ್ತಾರೆ? ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ? ಹಾಗೆಯೇ ನಿಮ್ಮ ಶಾಲೆಯಲ್ಲಿ ಉಷ್ಣತಾಮಾಪಕವಿದ್ದರೆ, ದಿನವೂ ಒಂದೇ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಬರೆದಿಡಿ. ನೀವು ಏಳನೆಯ ತರಗತಿ ಮುಗಿಸಿ ಹೋಗುವಾಗ ಆ ಪುಸ್ತಕವನ್ನು ಆರನೆಯ ತರಗತಿಯವರ ಕೈಗೆ ಕೊಡಿ.