ಬಾಗಿಲು ಮುಚ್ಚಿಕೊಂಡು ಆಡುವ ಮಾತು

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ದೇವರಿಗೆ ಕೆಲಸ ಹೆಚ್ಚುತ್ತದೆ. ಪಾವಗಡದಲ್ಲಿ ಶನಿಮಹಾತ್ಮನಿಗೆ ಹರಕೆ, ಗೊರವನಹಳ್ಳಿಯಲ್ಲಿ ಲಕ್ಷ್ಮಿಯ ಮುಂದೆ ಹಾಲ್ ಟಿಕೆಟ್, ಮಧುಗಿರಿಯಲ್ಲಿ ದಂಡಿನ ಮಾರಮ್ಮನಿಗೆ ಪೂಜೆ, ಶಿರಾದ ದರ್ಗಾದಲ್ಲಿ ದುವಾ, ಭಾನುವಾರ ಚರ್ಚಿನಲ್ಲಿ ಮೋಂಬತ್ತಿ. ಮಕ್ಕಳಿಗಿಂತ ಅಪ್ಪ ಅಮ್ಮಂದಿರ ಕೈಗಳೇ ಹೆಚ್ಚು ಮುಗಿದಿರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಭಯವಾದಾಗ ದೊಡ್ಡವರ ಕೈ ಹಿಡಿಯುವುದು ಮನುಷ್ಯ ಸಹಜ.

ಹಿಂದೊಮ್ಮೆ ಇಂಥದೇ ದಿನಗಳಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಕ್ರೈಸ್ತ ಕುಟುಂಬದ ಮಗು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತ ಹೋಗಿತ್ತು. “ನಿನ್ನ ಪ್ರಾರ್ಥನೆ ಸಾಲದು, ಅದಕ್ಕೇ ಹೀಗಾಯ್ತು ಅಂತಾರೆ ಸಾರ್ ನಮ್ಮಪ್ಪ. ದಿನಾ ಪ್ರಾರ್ಥನೆ ಹೇಳ್ತೀನಿ, ಎಲ್ಲಾ ಬಾಯಿಪಾಠ. ಆದ್ರೆ ದೇವರು ನಂಗೆ ಗೊತ್ತು ಅಂತ ಒಂದು ದಿನಾನೂ ಅನ್ನಿಸಿಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?” ಎಂದು ಕೇಳಿ ಅತ್ತುಬಿಟ್ಟಳು. ಗಣಿತದ ಸಂಕಟಕ್ಕಿಂತ ಇದು ದೊಡ್ಡದು ಎಂದು ನನಗೆ ಅನ್ನಿಸಿತು.

ಅವಳಿಗೆ ನಾನು ಹೇಳಿದ್ದು ಪಂಡಿತಾ ರಮಾಬಾಯಿಯವರ ಕಥೆ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹೆಂಗಸರಿಗೆ ಸಂಸ್ಕೃತ ಕೂಡದೆನ್ನುತ್ತಿದ್ದ ಕಾಲದಲ್ಲಿ ಹೆಂಡತಿಗೆ ಸಂಸ್ಕೃತ ಕಲಿಸಿದರು. ತಾಯಿ ಲಕ್ಷ್ಮೀಬಾಯಿ ಅದನ್ನು ಮಗಳಿಗೆ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅಣ್ಣನ ಜೊತೆ ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತೆ ಸೇರಿದ ಹುಡುಗಿಗೆ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣ ಹೋದ. ಮದುವೆಯಾದ ಎರಡೇ ವರ್ಷಕ್ಕೆ, 1882ರಲ್ಲಿ ಗಂಡನೂ ಕಾಲರಾದಿಂದ ಹೋದ. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸ್ವಭಾವ ಅವರದಲ್ಲ. ತಮಗೆ ಆಶ್ರಯ ಕೊಟ್ಟ ಸಂನ್ಯಾಸಿನಿಯರಿಗೂ ಗುರುಗಳಿಗೂ ಪತ್ರದ ಮೇಲೆ ಪತ್ರ ಬರೆದು ಧರ್ಮದ ವಿಷಯದಲ್ಲಿ ಪ್ರಶ್ನೆ ಕೇಳಿದರು, ವಾದಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹೆಸರು ಬಂತು, ಕೆಲಸ ನಡೆಯಿತು.

ಮುಂದಿನದನ್ನು ಗಮನಿಸಿ. ದೀಕ್ಷೆಯಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ ಅವರಿಗೆ ತಿಳಿಯಿತು: ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ. 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ಅವರೇ ಇದನ್ನು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡಿದ್ದಾರೆ. ಗ್ರಂಥಗಳನ್ನು ಅರೆದು ಕುಡಿದ ಪಂಡಿತೆಗೇ ಎಂಟು ವರ್ಷ ಬೇಕಾದರೆ, ಹದಿನೈದರ ಹುಡುಗಿಗೆ ಇನ್ನೂ ಅನ್ನಿಸಿಲ್ಲವೆಂದರೆ ಅದು ಕೊರತೆಯೇ? ಅಲ್ಲ. ಇಲ್ಲವೆಂದು ಗೊತ್ತಾಗುವುದೇ ಹುಡುಕಾಟದ ಮೊದಲ ಹೆಜ್ಜೆ.

ಹಾಗಾದರೆ ಹುಡುಕುವುದು ಹೇಗೆ? ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ದಾರಿ ಬಹಳ ಸರಳ. ಜನರೆದುರು ತೋರಿಕೆಗೆ ಪ್ರಾರ್ಥಿಸಬೇಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ, ಮಾತು ಬೆಳೆಸಬೇಡಿ ಎನ್ನುತ್ತಾನೆ. ಅವನು ದೇವರನ್ನು ಕರೆದದ್ದು ‘ಅಬ್ಬಾ’ ಎಂದು. ಅದು ಅವನ ಮನೆಮಾತಾದ ಅರಮೀಯ ಭಾಷೆಯಲ್ಲಿ ಮಕ್ಕಳು ಅಪ್ಪನನ್ನು ಕರೆಯುತ್ತಿದ್ದ ಪದ. ಬೈಬಲಿನ 150 ಕೀರ್ತನೆಗಳನ್ನು ತೆಗೆದು ನೋಡಿ. ಅಲ್ಲಿ ಹೊಗಳಿಕೆ ಮಾತ್ರವಲ್ಲ, ದೂರು, ಕೋಪ, ‘ಎಲ್ಲಿ ಹೋದೆ ದೇವರೇ’ ಎಂಬ ಕೂಗು ಎಲ್ಲವೂ ಇವೆ. ಕನ್ನಡಿಗರಿಗೆ ಇದು ಹೊಸದೂ ಅಲ್ಲ. ನಮ್ಮ ವಚನಕಾರರು ದೇವರೊಡನೆ ಮಾತಾಡಿದ್ದೂ ಹೀಗೆಯೇ, ದಾಸರು ಜಗಳವಾಡಿದ್ದೂ ಹೀಗೆಯೇ.

ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಧು ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮನಸ್ಸಿನಲ್ಲೇ ಮಾತಾಡುವುದನ್ನು ರೂಢಿಸಿಕೊಂಡ. ಅವನಿಗೂ ಅದು ಒಂದೇ ದಿನಕ್ಕೆ ಬರಲಿಲ್ಲ, ವರ್ಷಗಳೇ ಹಿಡಿದವು. ಸ್ನೇಹ ಬೆಳೆಯುವುದು ಹಾಗೆಯೇ ತಾನೇ?

ಪೋಷಕರೇ, ಈಗ ನಿಮ್ಮೊಡನೆ ಒಂದು ಮಾತು. ಗೆತ್ಸೇಮನೆ ತೋಟದಲ್ಲಿ, ಸಾಯುವ ಹಿಂದಿನ ರಾತ್ರಿ, ಯೇಸುವೂ ಬೇಡಿಕೊಂಡ. ಈ ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂದ. ದೂರವಾಗಲಿಲ್ಲ. ಅವನ ಪ್ರಾರ್ಥನೆ ಸಾಲದಾಗಿತ್ತು ಎಂದು ಯಾವ ಕ್ರೈಸ್ತನೂ ಹೇಳಲಾರ. ಕೇಳಿದ್ದು ಸಿಗದ ಆ ಗಳಿಗೆಯಲ್ಲೂ ಅವನು ‘ಅಬ್ಬಾ’ ಎನ್ನುವುದನ್ನು ಬಿಡಲಿಲ್ಲ. ಸಂಬಂಧ ಎಂದರೆ ಅದು. ಹೀಗಿರುವಾಗ ಅಂಕ ಕಡಿಮೆಯಾಯಿತೆಂದು ಮಗುವಿನ ಭಕ್ತಿಯನ್ನು ಅಳೆಯುವುದು ಸರಿಯೇ? ಗಣಿತ ಹೋದರೆ ಬೇಕಾದದ್ದು ಗಣಿತದ ಅಭ್ಯಾಸ. ದೇವರನ್ನೂ ಅಂಕಪಟ್ಟಿಯನ್ನೂ ಒಂದೇ ದಾರದಲ್ಲಿ ಕಟ್ಟಿದರೆ, ಅಂಕ ಬಿದ್ದ ದಿನ ಮಗು ಎರಡನ್ನೂ ಕಳೆದುಕೊಳ್ಳುತ್ತದೆ.

ರಮಾಬಾಯಿಯವರ ಹುಡುಕಾಟ ಕೋಣೆಯೊಳಗೇ ಮುಗಿಯಲಿಲ್ಲ ಎಂಬುದನ್ನೂ ಮರೆಯಬಾರದು. 1896–97ರ ಬರಗಾಲದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಅವರು ಕರೆತಂದು ಪುಣೆ ಬಳಿಯ ಕೇಡಗಾಂವಿನಲ್ಲಿ ಸಾಕಿದರು, ಕಸುಬು ಕಲಿಸಿದರು. ಬರದ ಹಸಿವು ಅವರಿಗೆ ಓದಿ ತಿಳಿದದ್ದಾಗಿರಲಿಲ್ಲ. ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಅನುವಾದಿಸುವ ಕೆಲಸದಲ್ಲಿ ಕೊನೆಯ ದಿನಗಳವರೆಗೂ ತೊಡಗಿದ್ದು 1922ರಲ್ಲಿ ತೀರಿಕೊಂಡರು. ದೇವರು ಹತ್ತಿರವಾಗಿದ್ದಾನೋ ಇಲ್ಲವೋ ಎಂಬುದಕ್ಕೆ ಬಹುಶಃ ಇದೇ ಗುರುತು: ಪಕ್ಕದವರ ಹಸಿವು ನಮಗೆ ಕಾಣತೊಡಗುತ್ತದೆ.

ಆ ಹುಡುಗಿಗೆ ನಾನು ಕೊಟ್ಟ ಮನೆಪಾಠ ಇಷ್ಟೇ: “ದಿನಕ್ಕೆ ಐದು ನಿಮಿಷ, ಬಾಯಿಪಾಠ ಬೇಡ. ಅವತ್ತು ಆದದ್ದನ್ನು ಆದ ಹಾಗೆ ಹೇಳು. ಸಿಟ್ಟು ಬಂದಿದ್ದರೆ ಸಿಟ್ಟನ್ನೇ ಹೇಳು. ಆಮೇಲೆ ಎದ್ದು ಹತ್ತು ಲೆಕ್ಕ ಮಾಡು.” ಮುಂದೆ ಅವಳು ಗಣಿತದಲ್ಲಿ ಸಾಧಾರಣ ಅಂಕ ತೆಗೆದುಕೊಂಡು ಪಾಸಾದಳು. ಫಲಿತಾಂಶ ತಿಳಿಸಲು ಬಂದವಳು ಹೊರಡುವಾಗ ಬಾಗಿಲಲ್ಲಿ ನಿಂತು, “ಸಾರ್, ಲೆಕ್ಕ ಮುಗಿದ್ರೂ ಐದು ನಿಮಿಷ ಬಿಟ್ಟಿಲ್ಲ. ಈಗ ನಮ್ಮಪ್ಪನೂ ಪಕ್ಕದಲ್ಲಿ ಸುಮ್ಮನೆ ಕೂತ್ಕೋತಾರೆ” ಎಂದಳು.

ನನಗೆ ಸಂತೋಷ ಕೊಟ್ಟದ್ದು ಅಂಕವಲ್ಲ, ಆ ಕೊನೆಯ ಮಾತು.